ತೊಟ್ಟು ಚಿವುಟಿದ ಮಿಡಿಸೌತೆ

ಹಗರಿಬೊಮ್ಮನಹಳ್ಳಿಯಲ್ಲಿ ಮೊನ್ನೆ ಹೆಣ್ಣುಮಕ್ಕಳ ಸಂಘಗಳಿಗೆ ಒಂದು ತರಬೇತಿ ಇತ್ತು. ವಿದೇಶಕ್ಕೆ ಮಾಲು ಕಳಿಸಿದ ಅನುಭವ ಹೇಳಬೇಕು ಎಂದು ನನ್ನನ್ನೂ ಕರೆದಿದ್ದರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳನ್ನು ಕುರ್ಚಿಯ ಮೇಲೆ ಕೂರಿಸಿ, ಕೈಗೆ ಮೈಕು ಕೊಟ್ಟು, ಅಂತರರಾಷ್ಟ್ರೀಯ ವ್ಯಾಪಾರದಿಂದ ನೀವು ಕಲಿತ ಪಾಠಗಳೇನು ಎಂದು ಒಬ್ಬ ಹುಡುಗಿ ಕೇಳಿದಳು. ಮಾಲು ಶುದ್ಧ ಇರಲಿ, ಹೊತ್ತಿಗೆ ಸರಿಯಾಗಿ ಕೊಡಿ ಎಂದು ಏನೋ ಹೇಳಿ ಇಳಿದೆ. ಚಪ್ಪಾಳೆ ಹೊಡೆದರು. ಈಗಿನವರು ಎಲ್ಲದಕ್ಕೂ ಹೊಡೆಯುತ್ತಾರೆ.

ಆಮೇಲೆ ಕೈಗೊಂದು ರಟ್ಟಿನ ಡಬ್ಬಿ ಕೊಟ್ಟರು. ಉಪ್ಪಿಟ್ಟಿರಬಹುದು ಎಂದು ತೆಗೆದರೆ ಬರ್ಗರ್ ಎಂಬ ದಪ್ಪ ಬನ್ನು. ತೆಗೆದದ್ದೇ ತಡ, ಹುಳಿ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆಯನ್ನು ನಾನು ನಿದ್ದೆಗಣ್ಣಿನಲ್ಲೂ ಗುರುತು ಹಿಡಿಯುತ್ತೇನೆ. ಬನ್ನು ಬಿಡಿಸಿ ನೋಡಿದೆ. ಬಿಲ್ಲೆಬಿಲ್ಲೆಯಾಗಿ ಹೆಚ್ಚಿದ ಮಿಡಿಸೌತೆ. ಮುಚ್ಚಿ ಚೀಲಕ್ಕೆ ಹಾಕಿಕೊಂಡೆ, ನಿಂಗವ್ವನಿಗೆಂದು.

ನೀವು ನಮ್ಮ ಕಡೆಯವರಲ್ಲದಿದ್ದರೆ ಸ್ವಲ್ಪ ಬಿಡಿಸಿ ಹೇಳಬೇಕು. ಹಡಗಲಿ ಎಂದರೆ ಜನ ಮಲ್ಲಿಗೆ ಎನ್ನುತ್ತಾರೆ. ನಾವು ಕಿರುಬೆರಳುದ್ದದ ಸೌತೆಯನ್ನೂ ಬೆಳೆದವರು. ಕಂಪನಿಯವರು ಬೀಜ ಕೊಟ್ಟು ಕಾಯಿ ಕೊಳ್ಳುತ್ತಿದ್ದರು. ಅದನ್ನು ಉಪ್ಪು ಹುಳಿಯ ನೀರಿರುವ ಡ್ರಮ್ಮಿಗೆ ತುಂಬಿ ಹಡಗು ಹತ್ತಿಸುತ್ತಿದ್ದರು. ನಮ್ಮೂರಲ್ಲಿ ಕಾಯಿ ಕೂಡಿಸುವ ಶೆಡ್ಡು ನನ್ನದು. ಹೆಂಗಸರು ಬುಟ್ಟಿ ತಂದು ಸುರಿಯುವರು, ನಾನು ತೂತಿನ ಹಲಗೆಯ ಮೇಲೆ ಹಾಯಿಸಿ ಸಣ್ಣದು ದೊಡ್ಡದು ಬೇರೆ ಮಾಡುವೆ, ಸಂಜೆಗೆ ಕಂಪನಿಯ ಗಾಡಿ ಬರುವುದು. ಇವತ್ತು ಕೀಳದೆ ಬಿಟ್ಟರೆ ನಾಳೆ ಕಾಯಿ ದಪ್ಪ, ದಪ್ಪನೆಯದು ಆ ದೇಶದವರಿಗೆ ಬೇಡ. ಹಾಗಾಗಿ ಮನೆಯಲ್ಲಿ ಮದುವೆಯಿರಲಿ, ಸಾವಿರಲಿ, ಬೆಳಿಗ್ಗೆ ಹೊಲಕ್ಕೆ ಹೋಗಲೇಬೇಕು. ನಾನಂತೂ ಬೀಗರ ಮುಂದೆ "ನಮ್ದು ಎಕ್ಸ್‌ಪೋರ್ಟ್ ಐತ್ರಿ" ಎಂದು ಮೆರೆದವಳು. ಎಕ್ಸ್‌ಪೋರ್ಟಿನವಳು ಸಮುದ್ರ ನೋಡಿರಲಿಲ್ಲ. ಇವತ್ತಿಗೂ ನೋಡಿಲ್ಲ.

ಅದಕ್ಕೂ ಮೊದಲು ನನ್ನ ವ್ಯಾಪಾರ ಕೊಟ್ಟೂರು ಸಂತೆಯಲ್ಲಿ, ಬದನೆಕಾಯಿ ಮತ್ತು ಹಸಿಮೆಣಸಿನಕಾಯಿ. ಹುಳುಕು ಹೋದರೆ ಕೊಂಡವಳು ಮುಂದಿನ ಸಂತೆಗೆ ಅದನ್ನೇ ಹಿಡಿದು ಬರುವಳು. "ಏನಬೇ, ನಿನ್ನ ಬದನಿಕಾಯಾಗ ಹುಳದ ಸಂಸಾರನ ನಡದೈತಿ!" "ಬಾಡಿಗಿ ಇಸ್ಕೊಳ್ಳಬೇಕಿತ್ತು ನೀನು," ಎನ್ನುವೆ ನಾನು. ಸುತ್ತಲಿನವರು ನಗುವರು, ನಾನು ಇನ್ನೊಂದು ಹಿಡಿ ಕಾಯಿ ಅವಳ ಚೀಲಕ್ಕೆ ಹಾಕುವೆ, ಜಗಳ ಅಲ್ಲಿಗೆ ಮುಗಿಯುವುದು. ವ್ಯಾಪಾರವೆಂದರೆ ಇದೇ ಎಂದು ತಿಳಿದಿದ್ದೆ.

ನಿಂಗವ್ವ ನಮ್ಮ ಓಣಿಯವಳು, ನನಗಿಂತ ಚಿಕ್ಕವಳು. ಗಂಡ ಬಿಟ್ಟು ಹೋದ ಮೇಲೆ ಒಂದು ತುಂಡು ಹೊಲ ಇಟ್ಟುಕೊಂಡು ಬದುಕಿದವಳು. ಅವಳಷ್ಟು ಚೊಕ್ಕ ಕಾಯಿ ಯಾರೂ ತರುತ್ತಿರಲಿಲ್ಲ. ನಮ್ಮಲ್ಲಿ ಸೌತೆಕಾಯಿ ತಿನ್ನುವ ಮೊದಲು ತೊಟ್ಟಿನ ಕಡೆ ತುದಿ ಕೊಯ್ದು, ಆ ತುಂಡಿನಿಂದಲೇ ಕೊಯ್ದ ಜಾಗವನ್ನು ನೊರೆ ಬರುವವರೆಗೆ ತಿಕ್ಕುತ್ತೇವೆ. ಕಹಿ ಇಳಿಯುತ್ತದೆ ಎಂದು ನಂಬಿಕೆ. ತಿಕ್ಕದೆ ಕೊಟ್ಟರೆ ಬಂದವರಿಗೆ ಮರ್ಯಾದೆ ಕೊಟ್ಟಂತಲ್ಲ. ಒಂದು ವರ್ಷ ನಿಂಗವ್ವ ಬೇವಿನ ಗಿಡದ ಕೆಳಗೆ ಕೂತು, ಅಷ್ಟೂ ಕಾಯಿಯ ತೊಟ್ಟನ್ನು ಉಗುರಿನಿಂದ ಚಿವುಟಿ, ತಿಕ್ಕಿ, ಒರೆಸಿ ಕೊಟ್ಟಳು. ನಮಗೆ ಯಾರಿಗೂ ಕಾಣಲಿಲ್ಲ. ಕಂಪನಿಯವರು ನನಗೆ ಅಳತೆ ನೋಡಲು ಕಲಿಸಿದ್ದರು. ತೊಟ್ಟು ನೋಡು ಎಂದಿರಲಿಲ್ಲ. ಫ್ಯಾಕ್ಟರಿಯಲ್ಲೂ ಯಾರೂ ನೋಡಲಿಲ್ಲ.

ಸಮುದ್ರದಾಚೆ ಡ್ರಮ್ಮು ತೆಗೆದಾಗ ಚಿವುಟಿದ ಕಾಯಿಗಳ ಒಳಗೆಲ್ಲ ನೀರು ಹೊಕ್ಕು ನೆನೆದ ಅರಿವೆಯಂತೆ ಮೆತ್ತಗಾಗಿದ್ದವಂತೆ. ಡ್ರಮ್ಮಿನ ಮೇಲೆ ನಮ್ಮೂರಿನ ಗುರುತಿತ್ತು. ಸೂಪರ್‌ವೈಸರ್ ಶೆಡ್ಡಿಗೆ ಬಂದು ಫೋನಿನಲ್ಲಿ ಫೋಟೊ ತೋರಿಸಿ, "ಇದು ಯಾರ ಕೆಲ್ಸ್ರೀ?" ಎಂದ. ನಿಂಗವ್ವ ಬಗ್ಗಿ ನೋಡಿದಳು. ಅವಳ ಮುಖ ಅರಳಿತು.

"ನಂದ ಐತ್ರಿ. ಇದು ನನ್ನ ಉಗುರಿಂದು. ಪರದೇಶದ ಮಂದಿ ಕಹಿ ತಿಂದು ಮಕ ಕಿವುಚಿದ್ರ ನಮ್ಮೂರಿನ ಹೆಸರು ಕೆಡತೈತಿ ಅಂತ ತಿಕ್ಕೀನ್ರಿ." ಆಮೇಲೆ ಕೇಳಿದಳು, "ಕಹಿ ಇರ್ಲಿಲ್ಲ ಹೌದಿಲ್ರೀ?"

ಅವನು ಅವಳನ್ನು ನೋಡಿದ, ನನ್ನನ್ನು ನೋಡಿದ, ಫೋನು ಜೇಬಿಗಿಟ್ಟ. ನಮ್ಮೂರಿನ ಕಾಯಿ ಇನ್ನು ಬೇಡ ಎಂದು ಹೇಳಿ ಬೈಕಿನ ಕಡೆ ನಡೆದ.

ನಾನು ಅಡ್ಡ ನಿಂತೆ. "ಯಾರ ಕೂಡ ಮಾತಾಡ್ಬೇಕು ಹೇಳ್ರಿ. ನಾನ ಹೋಗಿ ಹೇಳ್ತೀನಿ. ತಪ್ಪಾಗೈತಿ, ಬೈದು ಬಿಡ್ಲಿ."

"ನನ್ನ ಕೈಯಾಗ ಏನೂ ಇಲ್ಲಮ್ಮಾರ. ಮ್ಯಾಲಿನವ್ರು."

"ಆ ಮ್ಯಾಲಿನವ್ರು ಎಲ್ಲಿರ್ತಾರಪಾ?"

"ಅವ್ರ ಮ್ಯಾಲೂ ಅದಾರ್ರಿ. ಕೊಳ್ಳೋರು ಯಾರಂತ ನನಗೂ ಗೊತ್ತಿಲ್ರಿ."

ಅವನು ಸುಳ್ಳು ಹೇಳಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು. ಅಷ್ಟು ವರ್ಷ ಮಾಲು ಕಳಿಸಿದ್ದೆ, ಆ ಕಡೆ ನನ್ನನ್ನು ಬೈಯಲಿಕ್ಕೆ ಕೂಡ ಒಬ್ಬರಿರಲಿಲ್ಲ. ಸಂತೆಯ ಹೆಂಗಸು ಹುಳುಕು ಬದನೆಕಾಯಿ ಹಿಡಿದು ಬಂದಳಲ್ಲ, ಅದು ಎಂಥ ಉಪಕಾರ ಎಂದು ಅವತ್ತು ತಿಳಿಯಿತು. ಮೈಕಿನ ಮುಂದೆ ಹೇಳದೆ ಉಳಿದ ಪಾಠ ಇದೊಂದೇ.

ಬಳ್ಳಿಗೆ ಇದೆಲ್ಲ ಗೊತ್ತಿರಲಿಲ್ಲ. ಅದು ಕಾಯಿ ಬಿಡುತ್ತಲೇ ಹೋಯಿತು. ಮರುದಿನವೂ ಹೆಂಗಸರು ಅಭ್ಯಾಸದ ಮೇಲೆ ಬುಟ್ಟಿ ತಂದು ಶೆಡ್ಡಿನ ಮುಂದೆ ಕೂತರು. ಬಿಸಿಲೇರಿದ ಮೇಲೆ ಎದ್ದು ಹೋದರು. ಕಾಯಿ ದಪ್ಪಗಾಗಿ, ಹಳದಿಯಾಗಿ, ಒಡೆದು ನಾರಿತು. ಎಮ್ಮೆಗಳೂ ಮೂಸಿ ನೋಡಿ ಮುಖ ತಿರುಗಿಸಿದವು. ಹರಪನಹಳ್ಳಿ ಕಡೆಯ ಬೇರೆ ಊರುಗಳ ಕಾಯಿ ಹೊತ್ತ ಗಾಡಿಗಳು ನಮ್ಮ ಊರಿನ ಮುಂದೆಯೇ ಹೋಗುತ್ತಿದ್ದವು, ನಿಲ್ಲುತ್ತಿರಲಿಲ್ಲ. ನಾನು ಸಂತೆಗೆ ಮರಳಲು ನೋಡಿದೆ. ನನ್ನ ಜಾಗದಲ್ಲಿ ಬೇರೆಯವಳು ಕೂತಿದ್ದಳು. ಏಳು ಎನ್ನಲು ನನಗೆ ಬಾಯಿ ಬರಲಿಲ್ಲ. ಬಿಟ್ಟು ಹೋದವಳು ನಾನೇ ತಾನೆ.

ಊರಿನ ಸಿಟ್ಟೆಲ್ಲ ನಿಂಗವ್ವನ ಮೇಲೆ ಇಳಿಯಿತು. ಚಿವುಟೋ ನಿಂಗಿ ಎಂದು ಹೆಸರಿಟ್ಟರು. ಕಳೆ ತೆಗೆಯಲು ಆಳು ಬೇಕಾದರೂ ಅವಳ ಬಾಗಿಲು ದಾಟಿ ಮುಂದಿನ ಮನೆಯವಳನ್ನು ಕರೆಯುವರು. ಕಡೆಗೆ ಹಿರೇಹಡಗಲಿಯಲ್ಲಿದ್ದ ಮಗಳ ಮನೆಗೆ ಹೋದಳು. ಒಂದು ದಿನವೂ ಅವಳು ಅತ್ತದ್ದು ನಾನು ನೋಡಲಿಲ್ಲ. ನಾನು ಹೋದಾಗಲೆಲ್ಲ ಒಂದೇ ಮಾತು: "ಮೆತ್ತಗಾದ್ರ ಆತು ಬಿಡಕ್ಕಾ. ಯಾರಾರ ಒಬ್ರು ಬಾಯಾಗ ಹಾಕ್ಕೊಂಡಿರ್ತಾರ. ಕಹಿ ಇಲ್ಲಲ್ಲ ಅಂದಿರ್ತಾರ." ಎಲ್ಲ ಹೋದ ಮೇಲೆ ಅವಳು ಹಿಡಿದುಕೊಂಡಿದ್ದು ಅಷ್ಟನ್ನೇ.

ಮೊನ್ನೆ ತರಬೇತಿಯಿಂದ ನೆಟ್ಟಗೆ ಹಿರೇಹಡಗಲಿಗೆ ಹೋದೆ. ಡಬ್ಬಿ ತೆಗೆದು ಒಂದು ಬಿಲ್ಲೆ ಅವಳ ಕೈಗಿಟ್ಟು, ಒಂದನ್ನು ನಾನು ಬಾಯಿಗೆ ಹಾಕಿಕೊಂಡೆ. ಇಷ್ಟು ವರ್ಷಕ್ಕೆ ನಮ್ಮ ಕಾಯಿ ಆ ಕಡೆ ಹೋಗಿ ಏನಾಗುತ್ತಿತ್ತು ಎಂದು ನಾನು ರುಚಿ ನೋಡಿದ್ದು ಅವತ್ತೇ. ಉಪ್ಪು, ಹುಳಿ, ಒಂಚೂರು ಸಿಹಿ. ಸೌತೆಕಾಯಿಯ ರುಚಿಯೇ ಇಲ್ಲ.

ನಿಂಗವ್ವ ಇದ್ದ ನಾಲ್ಕು ಹಲ್ಲಿನಲ್ಲಿ ನಿಧಾನ ಅಗಿದಳು. ಕಣ್ಣು ದೊಡ್ಡವಾದವು. "ಅಕ್ಕಾ! ಕಹಿ ಇಲ್ಲ ನೋಡು! ಯಾರೋ ನನ್ನಂಥಾಕಿ ತಿಕ್ಕ್ಯಾಳ."

ಬಾಯಿ ಮುಚ್ಚಿಕೊಂಡಿರುವುದನ್ನು ನನಗೆ ಯಾರೂ ಕಲಿಸಲಿಲ್ಲ. "ಯಾರೂ ತಿಕ್ಕಿಲ್ಲಲೇ," ಎಂದೆ. "ಈ ಹುಳಿನೀರಾಗ ಬೇವಿನಕಾಯಿ ಹಾಕಿದ್ರೂ ಕಹಿ ಗೊತ್ತಾಗಂಗಿಲ್ಲ."

ಅವಳು ಅಗಿಯುವುದನ್ನು ನಿಲ್ಲಿಸಿದಳು. "ಹಂಗಾರ ನಾ ತಿಕ್ಕಿದ್ದು?"

"ಸುಮ್ಮನ."

ಅವಳು ಬಾಯಲ್ಲಿದ್ದದ್ದನ್ನು ನುಂಗಿದಳು. ಎದ್ದು ಕೈ ತೊಳೆದಳು, ರೊಟ್ಟಿ ತಂದಳು, ಪಲ್ಯ ತಂದಳು, ಹೊಲದ ಸೌತೆಕಾಯಿಯೊಂದನ್ನು ತಂದು ಈಳಿಗೆಯ ಮುಂದೆ ಕೂತಳು. ತೊಟ್ಟು ಕೊಯ್ಯಲು ಕೈ ತಾನಾಗಿಯೇ ಹೋಯಿತು. ಅಲ್ಲೇ ನಿಂತಿತು.

"ಹಂಗ ಹೆಚ್ಚಲೇನಕ್ಕಾ?"

"ಹೆಚ್ಚು."

ಹೆಚ್ಚಿದಳು. ತಿಕ್ಕಲಿಲ್ಲ. ಕಾಯಿ ಕಹಿ ಇತ್ತು. ಇಬ್ಬರೂ ಪೂರ್ತಿ ತಿಂದೆವು.