ಬೆಣ್ಣೆ ಮೇಡಂ ಹೇಳದೆ ಬಿಟ್ಟದ್ದು

ಆಸ್ಪತ್ರೆಯ ಹಿಂಭಾಗದ ಸಣ್ಣ ಕೋಣೆಯಲ್ಲಿ ಕೂತು ಮಕ್ಕಳ ಬೆಳವಣಿಗೆ ಪರೀಕ್ಷಿಸುವ ಹೆಂಗಸಿಗೆ ಆಯಾಗಳು ಇಟ್ಟ ಹೆಸರು ಬೆಣ್ಣೆ ಮೇಡಂ. ನೋಡುವುದಕ್ಕೆ ಹಾಗಿದ್ದರೆಂದಲ್ಲ, ಒಣಗಿದ ಕಡ್ಡಿಯಂತಿದ್ದರು. ಎಂಥ ಕೆಟ್ಟ ಸುದ್ದಿಯನ್ನೂ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹೇಳುತ್ತಿದ್ದರು, ಅದಕ್ಕೆ ಆ ಹೆಸರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ತಂದೆಗೆ ಮುಖಕ್ಕೆ ಹೊಡೆದಂತೆ ಹೇಳಿಬಿಟ್ಟಿದ್ದರು. ಆತ ಮಗುವನ್ನು ಕುರ್ಚಿಯಲ್ಲೇ ಬಿಟ್ಟು ಎದ್ದು ಹೋಗಿದ್ದ. ಅಂದಿನಿಂದ 'ಸ್ವಲ್ಪ' ಎಂಬುದು ಅವರ ಬಾಯಿಗೆ ಅಂಟಿಕೊಂಡಿತು. ಸ್ವಲ್ಪ ನಿಧಾನ, ಸ್ವಲ್ಪ ಹಿಂದೆ. ಹೇಳಿದವರಿಗೂ ನೆಮ್ಮದಿ, ಕೇಳಿದವರಿಗೂ ನೆಮ್ಮದಿ. ಮಗುವಿನ ಪಾಡು ಮಗುವಿಗೆ.

ಒಬ್ಬ ಬಡಗಿ ಮತ್ತವನ ಹೆಂಡತಿ ಮೂರು ತುಂಬದ ಮಗಳನ್ನು ಮೊದಲ ಸಲ ಕರೆತಂದಾಗಲೂ ಹಾಗೇ ಆಯಿತು. ಕಿವಿ ಸರಿಯಾಗಿಯೇ ಇತ್ತು, ಆದರೂ ಮಗು ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಿರಲಿಲ್ಲ. ಒಂದು ಮಾತೂ ಇಲ್ಲ. ಮೇಡಂ ಎಲ್ಲವನ್ನೂ ಕಂಡರು. ಆದರೆ ತಾಯಿಯ ಕಣ್ಣು ಆಗಲೇ ತುಂಬಿಕೊಂಡಿತ್ತು.

"ಸ್ವಲ್ಪ ಹಿಂದಿದ್ದಾಳಮ್ಮ," ಎಂದರು. "ಈ ವಯಸ್ಸಿಗೆ ಈ ಮರದ ಬ್ಲಾಕ್ ಒಂದರ ಮೇಲೊಂದು ಇಡ್ಬೇಕು, ಇವಳು ಇಡ್ತಿಲ್ಲ. ಮನೇಲಿ ಆಡಿಸ್ತಾ ಇರಿ. ಮಾತು ಕಲಿಸೋರ ಹತ್ರಾನೂ ಒಂದ್ಸಲ ಹೋಗಿ ಬನ್ನಿ."

ಅವರ ಕಿವಿಗೆ ಬಿದ್ದದ್ದು ಬ್ಲಾಕ್ ಮಾತ್ರ.

ವರ್ಷ ಕಳೆದು ಬಂದಾಗ ತಾಯಿಯ ಮುಖ ಅರಳಿತ್ತು. "ನೀವೇ ನೋಡಿ ಮೇಡಂ," ಎಂದು ಮಗುವನ್ನು ಮೇಜಿನ ಮುಂದೆ ನಿಲ್ಲಿಸಿದಳು. ಮಗು ಯಾರ ಮುಖವನ್ನೂ ನೋಡದೆ ಕೆಂಪು ಬ್ಲಾಕುಗಳನ್ನು ಒಂದರ ಮೇಲೊಂದು ಇಡುತ್ತಾ ಹೋಯಿತು. ಅದರ ಗಲ್ಲದವರೆಗೂ ಗೋಪುರ ಎದ್ದಿತು.

ಬಡಗಿಗೆ ಹಿಗ್ಗು. "ಇದೇ ಅಳತೆಗೆ ನಾನೇ ಮಾಡ್ಕೊಟ್ಟೆ. ಇವಳಮ್ಮ ಒಂದಿನಾನೂ ಬಿಡ್ಲಿಲ್ಲ ನೋಡಿ."

"ಮಾತು ಕಲಿಸೋರ ಹತ್ರ ಹೋಗಿದ್ರಾ?"

"ಮೊದ್ಲು ಇದು ಬರ್ಲಿ, ಆಮೇಲೆ ಅದು ಅಂತ ಸುಮ್ನಾದ್ವಿ."

ಅಷ್ಟರಲ್ಲಿ ಮೇಲಿನ ಬ್ಲಾಕ್ ಜಾರಿತು. ಗೋಪುರ ಕುಸಿದು ಮೇಜಿನ ತುಂಬ ಚೆಲ್ಲಾಪಿಲ್ಲಿಯಾಯಿತು. ಮಗು ಅಳಲಿಲ್ಲ. ತಾಯಿಯ ಕಡೆ ತಿರುಗಿ, ಎರಡೂ ಅಂಗೈ ಮುಂದೆ ಚಾಚಿ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ನಿಂತಿತು.

ತಾಯಿ ತಬ್ಬಿಬ್ಬಾಗಿ ಆ ಪುಟ್ಟ ಕೈಗಳನ್ನು ತನ್ನ ಕೈಯೊಳಗೆ ಮುಚ್ಚಿಟ್ಟುಕೊಂಡಳು. ಬಡಗಿ ಗೋಡೆ ನೋಡಿದ. ಮೇಡಂಗೆ ತಮ್ಮ ಮೇಲೆಯೇ ಹೇಸಿಗೆ ಬಂತು. ಒಂದು ಮೆದು ಮಾತು ಆಗಲೇ ನಾಲಿಗೆಯ ತುದಿಗೆ ಬಂದಿತ್ತು, ಅದನ್ನು ನುಂಗಿದರು.

"ಅಮ್ಮಾ, ಬ್ಲಾಕ್ ಬರದೇ ಇರೋದು ಇವಳ ತೊಂದರೆ ಅಲ್ಲ. ಒಳಗೆ ಏನಿದೆ ಅಂತ ನಾವು ಅದರಿಂದ ತಿಳ್ಕೋತೀವಿ, ಅಷ್ಟೇ. ನಿಮ್ಮ ಮಗಳ ಮೆದುಳು ಎಲ್ಲರ ಹಾಗೆ ಬೆಳೀತಿಲ್ಲ. ಇದು ಜೀವನಪೂರ್ತಿ ಇರುತ್ತೆ. ಕಲಿಸೋಕೆ ಬೇರೆ ದಾರಿ ಇದೆ, ಆದ್ರೆ ಮಾತು ಬಂದೇ ಬರುತ್ತೆ ಅಂತ ನಾನು ಹೇಳಲಾರೆ."

ಬಡಗಿಯ ದನಿ ಏರಿತು. "ಅವತ್ತು ಸ್ವಲ್ಪ ಅಂದಿದ್ರಿ."

"ಅಂದಿದ್ದೆ."

"ಗೊತ್ತಿತ್ತಾ ಆವಾಗ್ಲೇ?"

"ಗೊತ್ತಿತ್ತು."

ಆತ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಬಾಗಿಲ ಬಳಿ ನಿಂತ. ಈಗ ಬೈಗುಳ ಬೀಳುತ್ತದೆಂದು ಮೇಡಂ ತಲೆ ತಗ್ಗಿಸಿದರು. ಬಿದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ತಾಯಿ ಮಾತ್ರ ಕೂತಲ್ಲೇ ಇದ್ದಳು. "ಮೊಂಡು ಅಂದ್ಕೊಂಡಿದ್ದೆ," ಎಂದಳು ಮೆಲ್ಲಗೆ. "ಬೇಕಂತ್ಲೇ ಬೀಳಿಸ್ತಾಳೆ, ಬ್ಲಾಕ್ ಒಂದು ಬಂದ್ಬಿಟ್ರೆ ಅಮ್ಮಾ ಅಂತಾಳೆ ಅಂತ... ಹಾಗಾದ್ರೆ ನಾನು ಇವಳಿಗೆ ಹೊಡೆದಿದ್ದು ಯಾತಕ್ಕೆ ಮೇಡಂ?"

ಬೆಣ್ಣೆ ಮೇಡಂ ಮೇಜಿನ ಮೇಲೆ ಚೆಲ್ಲಿದ್ದ ಬ್ಲಾಕುಗಳನ್ನು ಒಂದೊಂದಾಗಿ ಎತ್ತಿಡತೊಡಗಿದರು. ತಾಯಿ ಮಗುವಿನ ಕೈ ಬಿಡದೆ ಉತ್ತರಕ್ಕಾಗಿ ಕಾಯುತ್ತಲೇ ಇದ್ದಳು.