ಕೊಣ್ಣೂರಿನ ಆಚೆ ಉಳಿದ ಡಬ್ಬಿ

ಹೂಂ, ಸಾಕು, ಆ ಪೇಪರನ್ನು ಆಚೆ ಇಡು. ಯಾವ ಪಿಕ್ಚರಿಗೆ ಪ್ರಶಸ್ತಿ ಬಂತು, ಯಾವುದಕ್ಕೆ ಬರಲಿಲ್ಲ ಅಂತ ಬೆಳಗಿನಿಂದ ಮುಖ ಊದಿಸಿಕೊಂಡು ಕೂತಿದ್ದೀಯಲ್ಲ ಮಗಳೇ, ಕೊಟ್ಟವರು ಅದನ್ನು ಪೂರ್ತಿ ನೋಡಿದ್ದರು ಅಂತ ನಿನಗೆ ಹೇಳಿದವರು ಯಾರು? ಪೆನ್ನು ತಗೋ, ಬರೆದುಕೋ. ಖತೀಜಾಬಿಯ ಕಥೆ ಹೇಳುತ್ತೇನೆ. ನಿಮ್ಮಜ್ಜ ಇದ್ದಿದ್ದರೆ ಮೂರು ಮಾತಿಗೊಮ್ಮೆ ಬಾಯಿ ಹಾಕಿ ಕೆಡಿಸುತ್ತಿದ್ದರು. ಇರಲಿ.

ಖತೀಜಾಬಿ ಹುಟ್ಟಿದ್ದು ಗಜೇಂದ್ರಗಡದಲ್ಲಿ. ಅಪ್ಪನಿಗೆ ಕೈಮಗ್ಗ ಇತ್ತು. ಹುಡುಗಿಗೆ ನಡೆಯಲು ಬರುವ ಮೊದಲೇ ನೂಲು ಹಿಡಿಯಲು ಬಂತು ಎಂದು ಅವಳ ತಾಯಿ ಹೇಳಿಕೊಳ್ಳುತ್ತಿದ್ದಳಂತೆ. ಅಂಥವಳನ್ನು ಲಾಡಸಾಬನಿಗೆ ಕೊಟ್ಟರು. ಲಾಡಸಾಬನದು ಟೂರಿಂಗ್ ಟಾಕೀಸು. ಅಂದರೆ ಒಂದು ಟೆಂಟು, ಒಂದು ಮಷೀನು, ಒಂದು ಬಿಳಿ ಪರದೆ, ಇದನ್ನೆಲ್ಲ ಹೇರಲು ಚಕ್ಕಡಿ. ಮಳೆಗಾಲ ಕಳೆದ ಮೇಲೆ ರೋಣದಲ್ಲಿ ಕೆಲವು ದಿನ, ಗಜೇಂದ್ರಗಡದಲ್ಲಿ ಕೆಲವು ದಿನ, ಆಮೇಲೆ ನಮ್ಮ ನರಗುಂದ. ಟೆಂಟಿನ ಬಟ್ಟೆ ಹರಿದಲ್ಲೆಲ್ಲ ಖತೀಜಾಬಿ ಹೊಲಿದಳು. ಎಷ್ಟು ಹೊಲಿದಳೆಂದರೆ, ಕೊನೆಗೆ ಗಂಡನ ಟೆಂಟು ಎಷ್ಟು, ಅವಳ ತೇಪೆ ಎಷ್ಟು ಎಂದು ಹೇಳುವುದೇ ಕಷ್ಟವಾಗಿತ್ತು.

ಟೆಂಟಿನ ಒಳಗೆ ನಡುವೆ ಒಂದು ಬಟ್ಟೆಯ ಗೋಡೆ, ಕನಾತು ಅನ್ನುತ್ತಾರೆ, ಅದನ್ನು ಕಟ್ಟಿ ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು. ಹೆಂಗಸರ ಬಾಗಿಲಲ್ಲಿ ಟಿಕೀಟು ಹರಿಯುವವಳು ಖತೀಜಾಬಿ. ನಾನಾಗ ಜಕ್ಕಲಿಯಿಂದ ಸೊಸೆಯಾಗಿ ಬಂದ ಹೊಸದು. ಅತ್ತೆ ಎಲ್ಲಿಗೂ ಕಳಿಸುತ್ತಿರಲಿಲ್ಲ, ಟೆಂಟಿಗೆ ಮಾತ್ರ ಕಳಿಸುತ್ತಿದ್ದಳು. ಯಾಕೆಂದರೆ ಆಕೆಗೂ ಬರುವುದಿತ್ತು! ಕೂಸು ಅತ್ತರೆ ಖತೀಜಾಬಿ ಎತ್ತಿಕೊಂಡು ಹೊರಗೆ ಆಡಿಸುತ್ತಿದ್ದಳು. ಪಾಪ, ಎಷ್ಟೋ ಪಿಕ್ಚರನ್ನು ಅವಳು ಪರದೆಯ ಹಿಂದಿನಿಂದಲೇ ನೋಡಿದಳು, ಎಡಗೈಯವರೆಲ್ಲ ಬಲಗೈಯವರಾಗಿ ಕಾಣುತ್ತಿದ್ದರಂತೆ. ಆದರೂ ಕಥೆ ಒಂದು ಎಳೆ ಬಿಡದೆ ನೆನಪು.

ಹೆಂಗಸರು ಬರುತ್ತಿದ್ದುದಕ್ಕೆ ಒಂದೇ ಕಾರಣ, ಟೆಂಟು ಮೋಟಾರ್ ಸ್ಟ್ಯಾಂಡಿನ ಪಕ್ಕದ ಬಯಲಿನಲ್ಲಿತ್ತು. ದೀಪ ಇತ್ತು, ಜನರ ಓಡಾಟ ಇತ್ತು. ಆ ಬಯಲು ಊರಿನ ಕಲಾಭಿಮಾನಿ ಮಂಡಳಿಯ ಕೈಯಲ್ಲಿತ್ತು. ಮಂಡಳಿ ಅಂದರೆ ಮೂರು ಜನ. ಅಧ್ಯಕ್ಷರು ಅಡತಿ ಅಂಗಡಿಯ ಶಿವನಪ್ಪನವರು. ಅವರ ಜೊತೆಗೆ ಒಬ್ಬ ಮಾಸ್ತರರು, ಒಬ್ಬ ವಕೀಲರು.

ನಾವು ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಊರಿಗೆ ಇನ್ನೊಂದು ಟೆಂಟು ಬಂತು, ಕರೆಪ್ಪನದು. ಅವನ ಟೆಂಟಿನಲ್ಲಿ ಮುಂದಿನ ಸಾಲಿಗೆ ಗಾದಿ ಹಾಕಿದ ಖುರ್ಚಿ. ಮಂಡಳಿಯವರಿಗೆ ಒಮ್ಮೆಲೇ ಕಲೆಯ ಮೇಲೆ ಪ್ರೀತಿ ಉಕ್ಕಿತು. ಎರಡೂ ಟೆಂಟಿನವರು ತಮ್ಮ ಒಂದೊಂದು ಒಳ್ಳೆಯ ಪಿಕ್ಚರು ತೋರಿಸಬೇಕು, ಮೂವರೂ ನೋಡಿ ಉತ್ತಮವಾದದ್ದಕ್ಕೆ ಬೆಳ್ಳಿಯ ಕಪ್ಪು ಕೊಡುತ್ತಾರೆ, ಕಪ್ಪು ಗೆದ್ದ ಟೆಂಟಿಗೆ ಸ್ಟ್ಯಾಂಡಿನ ಬಯಲು, ಇದು ಹೊಸ ನಿಯಮ. ಹೆಂಗಸರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಲಾಡಸಾಬ ತಂದ ಪಿಕ್ಚರು ಒಬ್ಬ ಕುಂಬಾರರ ಹುಡುಗಿಯದು. ಗಂಡ ದಿನವೂ ಹೊಡೆಯುತ್ತಾನೆ. ಒಂದು ದಿನ ಅವಳು ಕೊಡ ಹಿಡಿದು ಅಳುತ್ತ ಓಡಿ ಬಂದು ಬಾವಿಯ ಕಟ್ಟೆಯ ಮೇಲೆ ನಿಲ್ಲುತ್ತಾಳೆ. ಅಲ್ಲಿಗೆ ಇಂಟರ್‌ವಲ್. ಮೂವರು ದೊಡ್ಡವರೂ ಎದ್ದರು. ಚಹಾ ಕುಡಿಯಲು ಹೋದವರು ಕರೆಪ್ಪನ ಮನೆಯ ಹೋಳಿಗೆ ಊಟಕ್ಕೆ ಕೂತರು, ತಿರುಗಿ ಬರಲಿಲ್ಲ.

ಮರುದಿನ ಕಪ್ಪು ಕರೆಪ್ಪನಿಗೆ. ಶಿವನಪ್ಪನವರು ಮೈಕಿನ ಮುಂದೆ ಶಾಲು ಸರಿಮಾಡಿಕೊಂಡು ಹೇಳಿದರು: “ಲಾಡಸಾಬರ ಪಿಕ್ಚರಿನ್ಯಾಗ ಹೆಣ್ಣಮಗಳು ಬಾವಿ ಹಾರಿ ಸಾಯ್ತಾಳ. ಇಂಥಾದ್ದು ನೋಡಿ ನಮ್ಮ ಹೆಣ್ಣಮಕ್ಕಳು ಏನ ಕಲೀಬೇಕ್ರಿ? ಅದಕ್ಕ ಕೊಡಲಿಲ್ಲ.”

ಖತೀಜಾಬಿಗೆ ಮೈ ಎಲ್ಲ ಬೆಂಕಿ ಹತ್ತಿದಂತಾಯಿತು. ಆ ಹುಡುಗಿ ಬಾವಿ ಹಾರಲೇ ಇಲ್ಲ. ಕೊಡ ಇಳಿಸಿ ನೀರು ಸೇದಿದಳು, ಬೊಗಸೆ ತುಂಬ ಕುಡಿದಳು, ಮುಖ ತೊಳೆದಳು, ಮನೆಗೆ ಹೋಗಿ ಗಂಡನನ್ನು ಹೊರಗೆ ಹಾಕಿ ಬಾಗಿಲು ಹಾಕಿಕೊಂಡಳು. ಆ ಬಾಗಿಲು ಹಾಕಿದ ಸಪ್ಪಳಕ್ಕೆ ನಮ್ಮ ಬದಿಯ ಹೆಂಗಸರೆಲ್ಲ ಸಿಳ್ಳೆ ಹೊಡೆದಿದ್ದರು. ಹೌದೇ, ನಾನೂ ಹೊಡೆದಿದ್ದೆ, ನಗಬೇಡ.

ಎದ್ದು ನಿಲ್ಲಲು ಹೋದವಳ ಕೈಯನ್ನು ಲಾಡಸಾಬ ಗಟ್ಟಿಯಾಗಿ ಹಿಡಿದ.

“ಸುಮ್ನ ಕುಂಡ್ರು ಖತೀಜಾ. ದೊಡ್ಡವರ ಅದಾರ.”

“ದೊಡ್ಡವರಿಗೆ ಕಣ್ಣ ಇರೂದಿಲ್ಲೇನ್ರಿ?”

“ಇರ್ತಾವ. ಊಟದ ಮ್ಯಾಲ ಇರ್ತಾವ. ನಡಿ.”

ಟೆಂಟು ಹಳ್ಳದ ಆಚೆ ಜಾಲಿಮರಗಳ ಹತ್ತಿರ ಹೋಯಿತು. ಕತ್ತಲಾದ ಮೇಲೆ ಹಳ್ಳ ದಾಟಿ ಯಾವ ಹೆಂಗಸು ಬರುತ್ತಾಳೆ? ಗಂಡಸರು ಹೇಗೋ ಬಂದರು. ಬಲಗಡೆ ಖಾಲಿ ಬಿತ್ತು. ಖತೀಜಾಬಿ ಬಾಗಿಲಲ್ಲಿ ಸುಮ್ಮನೆ ಕೂತು ಹರಿಯದ ಟೆಂಟನ್ನೂ ಹೊಲಿದಳಂತೆ. ಸೂಜಿ ಚುಚ್ಚುವಾಗಲೆಲ್ಲ ಶಿವನಪ್ಪನವರ ಹೆಸರು ಹೇಳುತ್ತಿದ್ದಳು ಎಂದು ಅವಳ ಮಗಳು ಸುಗರಾ ಈಗಲೂ ನಗುತ್ತಾಳೆ. ಹೇಳಿದ್ದರೂ ಹೇಳಿರಬಹುದು. ದಾರಿಯಲ್ಲಿ ಸಿಕ್ಕರೆ ಮಾತ್ರ ಸೆರಗು ಸರಿಮಾಡಿಕೊಂಡು “ಸಲಾಮ್ರಿ ಅಧ್ಯಕ್ಷರ” ಅನ್ನುತ್ತಿದ್ದಳು. ಆ ಸಲಾಮು ಕೇಳಿದರೆ ನನಗೇ ಭಯವಾಗುತ್ತಿತ್ತು.

ಮರುವರ್ಷ ದೀಪಾವಳಿ ಕಳೆದ ಮೇಲೆ ಮತ್ತೆ ಸ್ಪರ್ಧೆ. ಈ ಸಲ ಲಾಡಸಾಬನದು ಅಣ್ಣತಮ್ಮಂದಿರ ಪಿಕ್ಚರು. ಅದಕ್ಕೆ ಇದ್ದದ್ದು ಒಂದೇ ಪ್ರತಿ, ಮಲಪ್ರಭಾ ಹೊಳೆಯ ಆಚೆಯ ಒಂದು ಟೆಂಟಿನವರೂ ಅದನ್ನೇ ತೋರಿಸುತ್ತಿದ್ದರು. ಅವರದು ಮುಗಿದ ಹಾಗೆ ರೀಲಿನ ಡಬ್ಬಿಗಳು ಮೋಟಾರಿನಲ್ಲಿ ಇತ್ತ ಬರಬೇಕು. ಮೊದಲ ಅರ್ಧದ ಡಬ್ಬಿ ಬೆಳಿಗ್ಗೆ ಬಂತು. ಎರಡನೆಯ ಅರ್ಧ ಸಂಜೆಗೆ ಬರಬೇಕಾದದ್ದು, ಎಲ್ಲಿಯೋ ಮೇಲೆ ಅಕಾಲದ ಮಳೆ ಸುರಿದು ಕೊಣ್ಣೂರಿನ ಸೇತುವೆಯ ಮೇಲೆ ನೀರು ಬಂತು. ಮೋಟಾರು ಆಚೆ ದಂಡೆಯಲ್ಲೇ ನಿಂತಿತು.

ಲಾಡಸಾಬ ತಲೆಯ ಮೇಲೆ ಕೈ ಹೊತ್ತು ಕೂತ. “ಆಟ ನಿಲ್ಲಸೂಣು. ಆ ಮೂರೂ ಮಂದಿಗೆ ಹೇಳಿ ಕಳಸ್ತೀನಿ.”

ಖತೀಜಾಬಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದಳು. ವರ್ಷವಿಡೀ ಕಾಯ್ದದ್ದು ತಾನಾಗಿ ಬಾಗಿಲಿಗೆ ಬಂದಿದೆ ಎಂದು ಅವಳಿಗೆ ಆ ಕ್ಷಣಕ್ಕೇ ಹೊಳೆಯಿತು.

“ನಿಲ್ಲಸಬ್ಯಾಡ್ರಿ. ಅರ್ಧ ತೋರಸೂಣು.”

“ಹುಚ್ಚ ಹಿಡದೈತೇನ? ಇನ್ನರ್ಧ?”

“ಅವರಿಗೆ ಅರ್ಧನ ಭಾಳ ಆತ್ರಿ. ನೀವ ಮಷೀನ ಹಚ್ಚ್ರಿ, ಉಳದದ್ದು ನಾ ನೋಡ್ಕೋತೀನಿ.”

ಆ ದಿನ ಅವಳೇ ಮನೆಮನೆಗೆ ಬಂದು ನಮ್ಮನ್ನು ಕರೆದಳು. ಹೆಂಗಸರೆಲ್ಲ ಕೂಡಿಯೇ ಲಾಟೀನು ಹಿಡಿದು ಹಳ್ಳ ದಾಟಿದೆವು. ಪಿಕ್ಚರಿನಲ್ಲಿ ಅಣ್ಣತಮ್ಮಂದಿರು ಹೊಲಕ್ಕಾಗಿ ಜಗಳಾಡಿದರು, ಅಣ್ಣ ಮನೆ ಬಿಟ್ಟು ಹೊರಟ. ಇಂಟರ್‌ವಲ್. ಮೂವರೂ ಎದ್ದರು. ಖತೀಜಾಬಿ ಓಡಿ ಹೋಗಿ ಅಡ್ಡ ನಿಂತಳು.

“ಕುಂಡ್ರ್ರಿ ಅಧ್ಯಕ್ಷರ. ಮುಂದಿಂದು ಭಾಳ ಚಲೋ ಐತಂತ್ರಿ.”

“ಬಂದ್ವಿ ಬಂದ್ವಿ,” ಎಂದರು ಶಿವನಪ್ಪನವರು. “ಎಲಿ ಅಡಿಕಿ ಹಾಕ್ಕೊಂಡ ಈಗ ಬಂದ್ವಿ.” ಹೋದರು. ಕರೆಪ್ಪನ ಮನೆಯ ಕಡೆಗೇ.

ಅವರ ಲಾಟೀನು ಹಳ್ಳದ ಆಚೆ ಮರೆಯಾಗುವವರೆಗೆ ಕಾಯ್ದು ಖತೀಜಾಬಿ ಪರದೆಯ ಮುಂದೆ ನಿಂತಳು. ಡಬ್ಬಿ ಕೊಣ್ಣೂರಿನ ಆಚೆ ಇದೆ ಎಂದು ಇದ್ದದ್ದು ಇದ್ದ ಹಾಗೆ ಹೇಳಿದಳು. ನಾಳೆ ಎಲ್ಲರಿಗೂ ಪುಕ್ಕಟೆ ಆಟ, ಆದರೆ ನಾಳೆ ಸಂಜೆಯವರೆಗೆ ಒಂದು ಬಾಯಿಯೂ ಬಿಡಬಾರದು. ಯಾಕೆ ಎಂದು ಗಂಡಸರ ಬದಿಯಿಂದ ಯಾರೋ ಕೇಳಿದರು. ಹೋದ ವರ್ಷ ಬಾವಿ ಹಾರಿಸಿದ್ದನ್ನು ಹೇಳಿದಳು. ನಮ್ಮ ಬದಿಯಲ್ಲಿ ಗುಜುಗುಜು ಎದ್ದಿತು.

“ನಮ್ಮಾಕಿ ಬಾಯಿ ನಿಲ್ಲೂದಿಲ್ಲವಾ,” ಎಂದ ಒಬ್ಬ.

ಅವನ ಹೆಂಡತಿ ಹೊಳೆವ್ವ ಕನಾತು ಸರಿಸಿ ಮುಖ ಹಾಕಿದಳು. “ನಿಂದ ನೀ ಹಿಡ್ಕೊ ಮೊದಲ! ಚಹಾದಂಗಡ್ಯಾಗ ಬಾಯಿ ಬಿಡಾವ ನೀ!”

ನಂಬುತ್ತೀಯೋ ಇಲ್ಲವೋ, ಊರು ಬಾಯಿ ಬಿಡಲಿಲ್ಲ. ನಮ್ಮತ್ತೆಯೂ ಬಿಡಲಿಲ್ಲ! ಆ ಒಂದು ದಿನ ಆಕೆ ಬಾಯಲ್ಲಿ ಅಡಿಕೆ ಇಟ್ಟುಕೊಂಡೇ ಕಳೆದಳು.

ಮರುದಿನ ಮಧ್ಯಾಹ್ನ ನೀರು ಇಳಿಯಿತು. ಮೋಟಾರಿನ ಕ್ಲೀನರ ಹನಮಪ್ಪ ಡಬ್ಬಿ ಹೊತ್ತು ತಂದ. ಕೆಸರು ಹತ್ತಿತ್ತು, ಹಗ್ಗದ ಗಂಟು ಬಿಚ್ಚಿರಲಿಲ್ಲ. ಸಂಜೆ ಬಯಲಿನಲ್ಲಿ ಸಮಾರಂಭ. ಕಪ್ಪು ಇಡಲು ಎತ್ತರಕ್ಕೆ ಏನಾದರೂ ಕೊಡಿ ಎಂದು ಮಂಡಳಿಯವರು ಕೇಳಿದಾಗ ಖತೀಜಾಬಿ ಆ ಡಬ್ಬಿಗೇ ಒಂದು ಚಂದದ ಶಾಲು ಹೊದಿಸಿ ಮೇಜಿನ ಮೇಲೆ ಇಟ್ಟಳು. ಬೆಳ್ಳಿಯ ಕಪ್ಪು ಅದರ ಮೇಲೆ ಕೂತು ಹೊಳೆಯುತ್ತಿತ್ತು.

ಕಪ್ಪು ಮತ್ತೆ ಕರೆಪ್ಪನಿಗೆ ಎಂದು ಹೇಳಿ ಶಿವನಪ್ಪನವರು ಮುಂದುವರಿಸಿದರು: “ಲಾಡಸಾಬರದೂ ನೋಡಿದ್ವಿ. ಮೊದಲ ಚಲೋನ ಇತ್ತು. ಕಡೀಕ ಕೆಟ್ಟಿತು.”

ಖತೀಜಾಬಿ ಎದ್ದಳು. ಈ ಸಲ ಲಾಡಸಾಬ ಕೈ ಹಿಡಿಯಲಿಲ್ಲ, ಬೇರೆ ಕಡೆ ನೋಡುತ್ತ ಮೀಸೆಯಲ್ಲಿ ನಕ್ಕ.

“ಸಲಾಮ್ರಿ ಅಧ್ಯಕ್ಷರ. ನಾ ಓದಿದಾಕಿ ಅಲ್ಲ. ಕಡೀಕ ಏನ ಕೆಟ್ಟಿತು ಅಂತ ಚೂರ ಬಿಡಿಸಿ ಹೇಳ್ರಿ, ಸುಧಾರಸ್ಕೋತೀವಿ.”

ಶಿವನಪ್ಪನವರಿಗೆ ಹಿಗ್ಗಾಯಿತು. “ಅಲ್ಲವಾ, ಅಣ್ಣ ಜೇಲಿನ್ಯಾಗ ಸತ್ತ ಹೋಗ್ತಾನ. ಮಂದಿ ಅತಗೋತ ಮನಿಗೆ ಹೋಗಬೇಕೇನ?”

“ಖರೇನ್ರಿ. ಮಾಸ್ತರ್ರ, ನಿಮಗ ಹ್ಯಾಂಗ ಅನಿಸ್ತ್ರಿ?”

ಮಾಸ್ತರರು ಆಗ ತಾನೇ ಕರೆಪ್ಪನ ಜೊತೆ ಪಿಸುಮಾತಿನಲ್ಲಿದ್ದರು, ಅಧ್ಯಕ್ಷರ ಮಾತು ಕಿವಿಗೆ ಬಿದ್ದಿರಲಿಲ್ಲ. ಕನ್ನಡಕ ಒರೆಸುತ್ತ ಎದ್ದರು. “ಕಡೀಕ ಅಣ್ಣ ತಮ್ಮ ಇಬ್ಬರೂ ಒಂದಾಗಿ ತಾಯಿ ಕಾಲಿಗೆ ಬಿದ್ದಾಗ ನನ್ನ ಕಣ್ಣಾಗ ನೀರ ಬಂತು ನೋಡ್ರಿ.”

“ಸತ್ತಾಂವ ಹ್ಯಾಂಗ ಬಿದ್ದಾನ್ರಿ ಕಾಲಿಗೆ?” ಎಂದು ಹನಮಪ್ಪ ಹಿಂದಿನಿಂದ ಕೂಗಿದ.

ಬಯಲು ಘೊಳ್ಳೆಂದಿತು. ವಕೀಲರು ಲಗೂ ಎದ್ದು ಕೈ ಎತ್ತಿದರು. “ಶಾಂತಿ, ಶಾಂತಿ! ಇಬ್ಬರೂ ಖರೇನ ಹೇಳ್ಯಾರ. ಅಣ್ಣ ಸಾಯೂದು ತಾಯಿ ಕನಸಿನ್ಯಾಗ.”

ಅಯ್ಯೋ ಮಗಳೇ, ಆ ನಗೆಯನ್ನು ಹೇಗೆ ಬರೆಸಲಿ ನಿನಗೆ. ನಮ್ಮತ್ತೆಯ ಬಾಯಿಂದ ಅಡಿಕೆ ಹಾರಿ ಮುಂದಿನವಳ ತುರುಬಿಗೆ ಬಿತ್ತು. ಖತೀಜಾಬಿ ಮಾತ್ರ ನಗಲಿಲ್ಲ. ವೇದಿಕೆ ಹತ್ತಿದಳು, ಕಪ್ಪನ್ನು ಎತ್ತಿ ಶಿವನಪ್ಪನವರ ಕೈಗೆ ಕೊಟ್ಟಳು, ಶಾಲು ಜಗ್ಗಿದಳು.

“ಉಳದ ಅರ್ಧ ಇದರಾಗ ಐತ್ರಿ. ನಿನ್ನೆ ಹೊಳಿ ಆಚೆ ಇತ್ತು. ಇನ್ನೂ ಗಂಟ ಬಿಚ್ಚಿಲ್ಲ. ಊರಾಗ ಒಂದ ನರಪಿಳ್ಳಿ ನೋಡಿಲ್ಲ ಇದನ್ನ. ನೀವ ಮೂರ ಮಂದಿ ನೋಡಿದಿರಿ, ಅದೂ ಮೂರ ಥರ!”

“ಇವತ್ತ ಮಧ್ಯಾಹ್ನ ನಾನ ಹೊತ್ತ ತಂದೇನ್ರಿ,” ಎಂದ ಹನಮಪ್ಪ.

ಶಿವನಪ್ಪನವರ ಮುಖ ಸುಟ್ಟ ಬದನೆಕಾಯಿಯಾಯಿತು. ಆದರೂ ಅವರು ವ್ಯಾಪಾರದವರು. ಹಲ್ಲು ಕಿರಿದು ಕಪ್ಪನ್ನು ಮುಂದೆ ಚಾಚಿದರು. “ಆತು ಬಿಡವಾ, ತಪ್ಪಾತು. ಕಪ್ಪು ನಿಮ್ಮ ಪಿಕ್ಚರಿಗೇ. ತಗೋ, ಮುಗಸೂಣು.”

“ಇದಕ್ಕ ಬ್ಯಾಡ್ರಿ. ಇದನ್ನ ನಾನೂ ಪೂರ್ತಿ ನೋಡಿಲ್ಲ. ನೋಡಲಾರದಕ್ಕ ಕೊಡೂದು ನಿಮ್ಮ ಚಟ, ನಮ್ಮದಲ್ಲ. ಹೋದ ವರ್ಷದ್ದಕ್ಕ ಕೊಡ್ರಿ. ಕೊಡೂಕಿಂತ ಮೊದಲ ಹೇಳ್ರಿ, ಆ ಹುಡುಗಿ ಬಾವಿ ಕಟ್ಟಿಮ್ಯಾಲ ಏನ ಮಾಡಿದ್ಲು?”

ಶಿವನಪ್ಪನವರು ಮಾಸ್ತರರನ್ನು ನೋಡಿದರು, ಮಾಸ್ತರರು ವಕೀಲರನ್ನು ನೋಡಿದರು, ವಕೀಲರು ತಮ್ಮ ಚಪ್ಪಲಿ ನೋಡಿದರು. ಆಗ ಹೆಂಗಸರ ನಡುವಿನಿಂದ ಒಬ್ಬಳು ತಲೆಯ ಮೇಲೆ ಸೆರಗು ಹೊದ್ದು ಎದ್ದಳು. ರೇಣವ್ವ. ಶಿವನಪ್ಪನವರ ಹೆಂಡತಿ!

“ನೀರ ಕುಡದು ಮನಿಗೆ ಹ್ವಾದ್ಲು,” ಎಂದಳು. “ಅವತ್ತ ರಾತ್ರಿನ ನಿಮಗ ಹೇಳಿದ್ದೆ. ನಿನಗೇನ ತಿಳೀತೈತಿ ಅಂದ್ರಿ.”

ಖತೀಜಾಬಿ ಮೈಕನ್ನು ಅಧ್ಯಕ್ಷರ ಬಾಯಿಗೆ ತಿರುಗಿಸಿದಳು.

“ನೀವ ಹೇಳ್ರಿ.”

“ನೀರ ಕುಡದು... ಮನಿಗೆ ಹ್ವಾದ್ಲು.”

“ಹಿಂದ ಕೂತವರಿಗೆ ಕೇಳಿಸಿಲ್ರಿ.”

“ನೀರ ಕುಡದು ಮನಿಗೆ ಹ್ವಾದ್ಲು!”

ಆಗ ಕಪ್ಪು ತೆಗೆದುಕೊಂಡಳು. ಬಯಲನ್ನೂ ತೆಗೆದುಕೊಂಡಳು, ಇಡೀ ಊರಿನ ಎದುರು ಇಲ್ಲ ಎನ್ನಲು ಯಾರಿಗೆ ಎದೆ ಇತ್ತು? ಅಲ್ಲಿಗೂ ಬಿಡಲಿಲ್ಲ ಅವಳು. ಮೂವರನ್ನೂ ಕರೆದುಕೊಂಡು ಹೋಗಿ ಟೆಂಟಿನಲ್ಲಿ ನೆಲದ ಮೇಲೆ ಕೂರಿಸಿ, ತಾನು ಬಾಗಿಲಿಗೆ ಅಡ್ಡ ಕೂತು, ಉಳಿದ ಅರ್ಧವನ್ನು ತೋರಿಸಿದಳು. ನಿಜ ಹೇಳಬೇಕೆಂದರೆ ಅದು ಭಾರಿ ಕೆಟ್ಟದಾಗಿತ್ತು. ಕಾರಣವಿಲ್ಲದೆ ಒಂದು ಹಾಡು, ಅದು ಮುಗಿಯುವುದರೊಳಗೆ ಇನ್ನೊಂದು, ಕೊನೆಗೆ ಎಲ್ಲಿಂದಲೋ ಒಬ್ಬ ಸಾಧು ಬಂದು ಎಲ್ಲವನ್ನೂ ಸರಿಮಾಡಿದ. ಮಾಸ್ತರರು ಎರಡು ಸಲ ಏಳಲು ನೋಡಿದರು. “ಕುಂಡ್ರ್ರಿ ಮಾಸ್ತರ್ರ, ಅಳೂದು ಮುಂದ ಐತಿ,” ಎಂದಳು ಖತೀಜಾಬಿ.

ಸ್ಪರ್ಧೆ ಅಲ್ಲಿಗೆ ನಿಂತಿತು. ಕರೆಪ್ಪ ತನ್ನ ಖುರ್ಚಿಗಳನ್ನು ಹೇರಿಕೊಂಡು ಬೇರೆ ಊರಿಗೆ ಹೋದ. ಶಿವನಪ್ಪನವರ ಅಂಗಡಿಯ ಮುಂದೆ ಹಾದು ಹೋಗುವಾಗ ಹೆಂಗಸರು, “ಅಧ್ಯಕ್ಷರ, ನೀರ ಕುಡದ್ರೇನ್ರಿ?” ಎಂದು ಕೇಳುವುದು ಅವರು ಸಾಯುವವರೆಗೂ ನಿಲ್ಲಲಿಲ್ಲ. ಒಮ್ಮೆ ನಾನು ಖತೀಜಾಬಿಗೆ ಹೇಳಿದೆ, “ಸಾಕ ಬಿಡವಾ, ಮುಪ್ಪಿನ ಮನಶ್ಯಾ.” ಅವಳು ನೂಲನ್ನು ಹಲ್ಲಿನಿಂದ ಕಡಿದು, “ನನ್ನ ಬಲಗಡೆ ಒಂದ ವರ್ಷ ಖಾಲಿ ಇತ್ತವಾ,” ಎಂದಳು. ಅಷ್ಟೇ. ಟೆಂಟು ಸವೆದು ಹೋದ ಮೇಲೆ ನಮ್ಮೂರಲ್ಲೇ ಮನೆ ಮಾಡಿಕೊಂಡು ಅದರ ಬಟ್ಟೆಯಲ್ಲಿ ಚೀಲ ಹೊಲಿದು ಮಾರಿದಳು. ಕಪ್ಪಿನಲ್ಲಿ ಗುಂಡಿ, ಸೂಜಿ ಹಾಕಿಡುತ್ತಿದ್ದಳು. ಅವಳು ಹೋದ ದಿನ ನಮ್ಮ ಓಣಿಯಲ್ಲಿ ಒಲೆ ಹೊತ್ತಲಿಲ್ಲ.

ಪೆನ್ನು ಇಡು ಇನ್ನು. ಒಳಗೆ ಗೂಡಿನಲ್ಲಿ ಶೇಂಗಾ ಹೋಳಿಗೆ ಡಬ್ಬಿಗೆ ಹಾಕಿಟ್ಟಿದ್ದೇನೆ, ಸ್ಟ್ಯಾಂಡಿನ ಹಿಂದೆ ಸುಗರಾಳ ಮನೆಗೆ ಕೊಟ್ಟು ಬಾ. ಡಬ್ಬಿ ಮರೆಯದೆ ತಿರುಗಿ ತಾ, ಹೋದ ಸಲದ್ದೂ ಅಲ್ಲೇ ಇದೆ. ಅವಳೂ ಇದೇ ಕಥೆಯನ್ನು ತೆಗೆಯುತ್ತಾಳೆ, ತನ್ನದೇ ರೀತಿಯಲ್ಲಿ, ಉದ್ದಕ್ಕೆ. ಚಹಾ ಕೊಟ್ಟ ಕೂಡಲೇ ಎದ್ದು ಬರಬೇಡ, ಕೊನೆಯವರೆಗೆ ಕೂತು ಕೇಳಿ ಬಾ.