ಬಚ್ಚಲಿನ ಗೀಜರ್ ಮತ್ತು ಏಳರ ಬಸ್ಸು

ಟಕ್ ಟಕ್ ಟಕ್ ಟಕ್. ಆ ಸದ್ದು ಎಲ್ಲಾದರೂ ಕಿವಿಗೆ ಬಿದ್ದರೆ ಇವತ್ತಿಗೂ ನನಗೆ ಬಸ್ಸು ತಪ್ಪುತ್ತಿದೆ ಅನ್ನಿಸಿ ಕಾಲು ತಾನಾಗಿಯೇ ಚಪ್ಪಲಿ ಹುಡುಕುತ್ತದೆ. ಗ್ಯಾಸ್ ಗೀಜರ್ ಕಿಡಿ ಹಾರಿಸುವ ಸದ್ದು ಅದು. ಕಿಡಿ ಹಾರಿದ ಮೇಲೆ ಒಳಗೆ ಭುಗ್ಗೆಂದು ಉರಿ ಹೊತ್ತಿಕೊಳ್ಳಬೇಕು, ನಲ್ಲಿಯಲ್ಲಿ ಬಿಸಿನೀರು ಬರಬೇಕು. ನಮ್ಮ ಮನೆಯದು ಕಿಡಿ ಹಾರಿಸುತ್ತಿತ್ತು, ಅಷ್ಟೇ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ನಿಪ್ಪಾಣಿಯ ಹುಡುಗಿ, ಏಕಸಂಬಿಯ ಒಂದು ಜೈನ ಒಕ್ಕಲುತನದ ಮನೆಗೆ ಸೊಸೆಯಾಗಿ ಬಂದಿದ್ದೆ. ಬರುವಾಗ ಶಿಕ್ಷಕರ ತರಬೇತಿ ಟಿ.ಸಿ.ಎಚ್. ಮುಗಿಸಿಕೊಂಡೇ ಬಂದವಳು. ಮದುವೆಯಾದ ಮರುವರ್ಷ ಚಿಕ್ಕೋಡಿಯ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಗಂಡ ಹ್ಞೂಂ ಅಂದ. ಮಾವ ಪೇಪರಿನಿಂದ ತಲೆ ಎತ್ತದೆ ಹ್ಞೂಂ ಅಂದರು. ಉಳಿದವರು ಅತ್ತೆ. ನಮ್ಮ ಮನೆಯಲ್ಲಿ ಹ್ಞೂಂ ಅನ್ನುವುದಕ್ಕೆ ಬೆಲೆ ಬರುತ್ತಿದ್ದದ್ದು ಅವರ ಬಾಯಿಂದ ಬಂದರೆ ಮಾತ್ರ.

"ಹೋಗವಾ, ನಾ ಬ್ಯಾಡ ಅನ್ನಾಂಗಿಲ್ಲ," ಅಂದರು. "ಖರೇ, ಮನಿ ಮಂದಿ ಜಳಕಕ್ಕ ನೀರ ಕಾದಿರಬೇಕು. ನಿಮ್ಮ ಮಾವಾರು ಜಳಕ ಮಾಡದ ಬಸದಿಗೆ ಹೋಗಾಂಗಿಲ್ಲ, ಬಸದಿಗೆ ಹೋಗದ ಬಾಯಾಗ ಹನಿ ನೀರ ಹಾಕಾಂಗಿಲ್ಲ. ಅಷ್ಟ ಮಾಡಿ ಎಲ್ಲಿ ಬೇಕಾದಲ್ಲಿ ಹೋಗು."

ಕೇಳಲು ಸಣ್ಣ ಮಾತು. ಆದರೆ ನೀರು ಕಾಯಿಸುವುದು ತಾಮ್ರದ ಬಂಬದಲ್ಲಿ. ನಡುವೆ ಉರಿಯ ಕೊಳವೆ, ಸುತ್ತ ನೀರು, ಕೆಳಗೆ ನೀರು ಬಿಟ್ಟುಕೊಳ್ಳಲು ಒಂದು ತೋಟಿ. ಉರುವಲು ಅಂದರೆ ಹೊಲದಿಂದ ತಂದ ಕಬ್ಬಿನ ರವದಿ. ಆ ಒಣಗಿದ ಎಲೆಗಳದ್ದು ಭಾರೀ ಆರ್ಭಟ. ಒಂದು ಹಿಡಿ ತುರುಕಿದರೆ ಭರ್ ಎಂದು ಉರಿದು, ನೀವು ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಬೂದಿ. ಅದರ ಮುಂದೆ ಕೂತೇ ಇರಬೇಕು, ತುರುಕುತ್ತಲೇ ಇರಬೇಕು. ಎಲ್ಲರ ಜಳಕ ಮುಗಿಯುವಷ್ಟರಲ್ಲಿ ಏಳರ ಬಸ್ಸು ಊರು ದಾಟಿರುತ್ತಿತ್ತು. ಮುಂದಿನ ಬಸ್ಸಿನಲ್ಲಿ ಹೋದರೆ ಪ್ರಾರ್ಥನೆ ಮುಗಿದು ಮಕ್ಕಳೆಲ್ಲ ಒಳಗೆ ಕೂತಿರುತ್ತಿದ್ದರು, ನಾನು ಹೊಗೆ ವಾಸನೆಯ ಸೀರೆಯಲ್ಲಿ ಬಾಗಿಲಲ್ಲಿ ನಿಂತಿರುತ್ತಿದ್ದೆ. ಹೆಡ್‌ಮಾಸ್ತರರು ಮೊದಲು ಗಡಿಯಾರ ನೋಡಿದರು, ಆಮೇಲೆ ನನ್ನನ್ನು ನೋಡಿದರು, ಆಮೇಲೆ ಹೇಳಿಯೇಬಿಟ್ಟರು: "ಬಾಯಾರ, ನಿಮಗ ಆಗಾಂಗಿಲ್ಲಂದ್ರ ಹೇಳ್ರಿ, ಕೆಲಸಕ್ಕ ಕಾಯೋ ಮಂದಿ ಭಾಳ ಐತಿ."

ಅದಕ್ಕೇ ಗೀಜರ್. ಕರೆಂಟಿನದು ತಂದರೆ ಉಪಯೋಗವಿರಲಿಲ್ಲ. ಕಬ್ಬಿಗೆ ನೀರು ಬಿಡುವ ಪಂಪುಗಳು ಶುರುವಾದವೆಂದರೆ ನಮ್ಮೂರಿನ ಬಲ್ಬುಗಳು ಕೆಂಪಗೆ ಅರೆಗಣ್ಣು ಬಿಡುತ್ತಿದ್ದವು. ನನ್ನ ಗಂಡ ನಿಪ್ಪಾಣಿಗೆ ಹೋಗಿ, ಗ್ಯಾಸಿನಿಂದ ನಡೆಯುವ ಹೊಸ ಮಾದರಿಯದನ್ನು ತಂದ. ಅಂಗಡಿಯ ಮೆಕ್ಯಾನಿಕ್ ಬಂದು ಬಚ್ಚಲ ಗೋಡೆಗೆ ಕೂರಿಸಿ ನಲ್ಲಿ ತಿರುಗಿಸಿದ. ಟಕ್ ಟಕ್, ಭುಗ್! ಹೊಗೆಯಿಲ್ಲ, ಬೂದಿಯಿಲ್ಲ. ಅತ್ತೆ ನೀರಿಗೆ ಬೆರಳಿಟ್ಟು, ಸರಕ್ಕನೆ ಹಿಂದೆಗೆದುಕೊಂಡು, "ಸುಡತೈತಿ" ಅಂತ ಒಂದೇ ಮಾತು ಹೇಳಿ ಒಳಗೆ ಹೋದರು. ನಮ್ಮ ಅತ್ತೆಯ ಬಾಯಲ್ಲಿ ಅದು ಹೊಗಳಿಕೆ. ನನಗೆ ಆಕಾಶ ಮೂರೇ ಗೇಣು ಉಳಿಯಿತು.

ಮರುದಿನ ಬೆಳಿಗ್ಗೆ ಎದ್ದು ನಲ್ಲಿ ತಿರುಗಿಸಿದರೆ, ಟಕ್ ಟಕ್ ಟಕ್ ಟಕ್. ಭುಗ್ ಇಲ್ಲ. ತಣ್ಣೀರು.

ಮೊದಲು ಗಂಡ ಕೈಹಾಕಿದ. ಅವನ ಕೈಗೆ ಸ್ಕ್ರೂಡ್ರೈವರ್ ಸಿಕ್ಕರೆ ಕೆಟ್ಟಿರದ ವಸ್ತುವೂ ಕೆಡುತ್ತದೆ ಎಂಬುದು ಮನೆಗೆಲ್ಲ ಗೊತ್ತು. ಒಳಗಿನ ಸೆಲ್ ಬದಲಿಸಿದ. ಟಕ್ ಟಕ್ ಇನ್ನಷ್ಟು ಜೋರಾಯಿತು, ಉರಿ ಬರಲಿಲ್ಲ. ಸಿಲಿಂಡರ್ ಅಲುಗಾಡಿಸಿ ನೋಡಿದ, ತುಂಬಿತ್ತು. ರೆಗ್ಯುಲೇಟರ್ ಬಿಚ್ಚಿ ಮತ್ತೆ ಹಾಕಿದ. ಕೊನೆಗೆ ಕಡ್ಡಿ ಗೀರಿ ಒಳಗೆ ಹಿಡಿಯುತ್ತೇನೆ ಅಂದಾಗ ನಾನು ಕಡ್ಡಿಪೆಟ್ಟಿಗೆ ಕಿತ್ತುಕೊಂಡೆ. "ಗಂಡ ಒಬ್ಬಾಂವ ಇರ್ಲಿ, ಗೀಜರ ಹೋದ್ರ ಹೋಗ್ಲಿ," ಅಂದೆ. ಅವನು ನಕ್ಕ. ನನಗೆ ನಗು ಬರಲಿಲ್ಲ. ಬಸ್ಸಿನ ಹಾರ್ನ್ ಕೇಳಿ ಆಗಲೇ ಸ್ವಲ್ಪ ಹೊತ್ತಾಗಿತ್ತು.

ಭಾನುವಾರ ಮೆಕ್ಯಾನಿಕ್ ಮತ್ತೆ ಬಂದ. ಬರ್ನರ್ ಉಜ್ಜಿದ, ನೀರು ಒಳಬರುವಲ್ಲಿನ ಜಾಲರಿ ತೊಳೆದ, ನೀರು ಹೊರಬರುವ ಪೈಪನ್ನು ಬಿಚ್ಚಿ ಬಕೀಟಿಗೆ ಬಿಟ್ಟು ಪರೀಕ್ಷೆ ಮಾಡಿದ. ಭುಗ್! ಇನ್ನೊಮ್ಮೆ ಮಾಡಿದ. ಭುಗ್! "ವೈನಿ, ಮಶೀನ ಏಕದಮ್ ಝಕಾಸ್ ಐತ್ರಿ," ಅಂತ ಪೈಪು ಜೋಡಿಸಿ, ಚಹಾ ಕುಡಿದು ಹೋದ. ಸೋಮವಾರ ಬೆಳಿಗ್ಗೆ ಟಕ್ ಟಕ್ ಟಕ್. ಮೆಕ್ಯಾನಿಕ್ ಮತ್ತೆ ಬಂದು ಅದನ್ನು ಕಿತ್ತು ಅಂಗಡಿಗೇ ಒಯ್ದ, ಕೆಲವು ದಿನ ಇಟ್ಟುಕೊಂಡು ವಾಪಸು ತಂದ. "ದುಕಾನದಾಗ ದಿನಾ ಹಚ್ಚೇನ್ರಿ, ಒಂದ ಸಲಾನೂ ಕೈ ಕೊಟ್ಟಿಲ್ಲ. ನಿಮ್ಮನಿ ಮಂದಿನ್ನ ನೋಡಿದ ಕೂಡ್ಲೆ ಹೆದರತೈತಿ ನೋಡ್ರಿ." ಅವನಿಗೆ ಚೇಷ್ಟೆ. ನನಗೆ ಪ್ರಾಣಸಂಕಟ.

ಆ ದಿನಗಳಲ್ಲಿ ನಾನು ಒಂದು ಕಡೆ ನಿಂತದ್ದೇ ನೆನಪಿಲ್ಲ. ಒಲೆಯ ಮೇಲೆ ಚಹಾ, ಬಚ್ಚಲಲ್ಲಿ ಟಕ್ ಟಕ್, ಮತ್ತೆ ಒಳಗೆ ರೊಟ್ಟಿ, ಮತ್ತೆ ಬಚ್ಚಲು. ಕಿವಿ ಮಾತ್ರ ಯಾವಾಗಲೂ ರಸ್ತೆಯ ಕಡೆ. ಗೀಜರ್ ಕೈಕೊಟ್ಟು ದಿನವೂ ಕೊನೆಗೆ ಬಂಬವನ್ನೇ ಹೊತ್ತಿಸಬೇಕು. ಎರಡಕ್ಕೂ ಹೊತ್ತು ಹಾಳಾಗಿ ಇನ್ನಷ್ಟು ತಡ. ಅತ್ತೆ ಬಚ್ಚಲ ಬಾಗಿಲಿಗೆ ಬಂದು, "ನೀರ ಕಾದಾವೇನ? ಬಂಬ ಹಚ್ಚಲೇನ?" ಅನ್ನುತ್ತಿದ್ದರು. ಅವರ ದನಿಯಲ್ಲಿ ಖುಷಿ ಇದೆಯೇ ಅಂತ ನಾನು ಕಿವಿಯಾನಿಸಿ ಕೇಳುತ್ತಿದ್ದೆ. ಸೊಸೆ ಶಾಲೆಗೆ ಹೋಗುವುದು ಇವರಿಗೆ ಬೇಡ, ಇವರೇ ಏನೋ ತಿರುಗಿಸಿ ಇಡುತ್ತಾರೆ ಎಂಬ ಗುಮಾನಿ ತಲೆಯೊಳಗೆ ಹೊಕ್ಕಿತ್ತು. ಗಂಡನ ಹತ್ತಿರ ಅಂದೂ ಅಂದೆ. ಅವನು, "ಅವ್ವಗ ಟಿ.ವಿ. ಹಚ್ಚಾಕ ಬರಾಂಗಿಲ್ಲ, ಗೀಜರ ಕೆಡಸ್ತಾಳ?" ಅಂದ. ಅದೂ ಸರಿಯೇ ಇತ್ತು. ಆದರೂ ಗುಮಾನಿ ಹೋಗಲಿಲ್ಲ.

ಒಂದು ಬೆಳಿಗ್ಗೆ ನೀರು ನೂಲಿನಂತೆ ಸೋರುತ್ತಿತ್ತು, ಗೀಜರ್ ಟಕ್ಕೆನ್ನುತ್ತಿತ್ತು, ಹೊರಗೆ ಬಸ್ಸು ಊರ ತಿರುವಿನಲ್ಲಿ ಹಾರ್ನ್ ಹಾಕಿತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಯಾರ ಮೇಲೆ ತೋರಿಸುವುದು? ನಲ್ಲಿಯ ಬಾಯಿಗೆ ಕಟ್ಟಿದ್ದ ಅರಿವೆಯನ್ನು ಹಿಡಿದು ಜಗ್ಗಿದೆ. ದಾರ ಹರಿದು ಅರಿವೆ ಕೈಗೆ ಬಂತು. ನೀರು ದಬದಬ ಬಿತ್ತು. ತಲೆಯ ಮೇಲೆ ಭುಗ್!

ಈ ಅರಿವೆಯ ಸುದ್ದಿ ನಾನು ಇಷ್ಟು ಹೊತ್ತು ಎತ್ತಿರಲಿಲ್ಲ. ನಮಗೂ ಆಗ ಅದು ಎತ್ತಬೇಕಾದ ಸುದ್ದಿ ಅನ್ನಿಸಿರಲಿಲ್ಲ. ಜೈನರ ಮನೆಯಲ್ಲಿ ಗಾಳಿಸದ, ಅಂದರೆ ಅರಿವೆಯಲ್ಲಿ ಸೋಸದ ನೀರು ಬಳಸುವುದಿಲ್ಲ. ನೀರಿನಲ್ಲಿ ಕಣ್ಣಿಗೆ ಕಾಣದ ಜೀವಗಳಿರುತ್ತವೆ, ಅವು ನಮ್ಮಿಂದ ಸಾಯಬಾರದು. ಅದಕ್ಕೆ ಅಡಿಗೆಮನೆಯ ನಲ್ಲಿಗೆ, ಹಿತ್ತಲ ನಲ್ಲಿಗೆ, ದನದ ಕೊಟ್ಟಿಗೆಯ ನಲ್ಲಿಗೆ, ಎಲ್ಲದಕ್ಕೂ ಎರಡು ಮಡಿಕೆಯ ದಪ್ಪ ಅರಿವೆಯ ಚೀಲ ಕಟ್ಟಿರುತ್ತದೆ. ಅರಿವೆಯಿಲ್ಲದ ನಲ್ಲಿಯನ್ನು ನಾನು ತವರಲ್ಲೂ ಕಂಡವಳಲ್ಲ. ಗೀಜರ್ ಬಂದ ದಿನ ಸಂಜೆಯೇ ಅತ್ತೆ ಹೊಸ ನಲ್ಲಿಗೂ ಒಂದು ಚೀಲ ಹೊಲಿದು ಕಟ್ಟಿದ್ದರು. ಗೀಜರಿನಲ್ಲಿ ಇಂತಿಷ್ಟು ನೀರು ರಭಸದಿಂದ ಹರಿದರೆ ಮಾತ್ರ ಗ್ಯಾಸ್ ತೆರೆದುಕೊಳ್ಳುತ್ತದೆ. ಆ ಅರಿವೆಯೊಳಗಿಂದ ಅಷ್ಟು ನೀರು ಹೋಗುತ್ತಿರಲಿಲ್ಲ. ಮೆಕ್ಯಾನಿಕ್ ಪ್ರತಿಸಲ ಪೈಪು ಬಿಚ್ಚಿ ನೋಡುತ್ತಿದ್ದ, ನಾವು ಪ್ರತಿಸಲ ಅರಿವೆಯ ಮುಂದೆ ನಿಂತು ಬೇರೆಲ್ಲವನ್ನೂ ನೋಡುತ್ತಿದ್ದೆವು.

ನಾನು ಅರಿವೆಯನ್ನು ಮತ್ತೆ ನಲ್ಲಿಗೆ ಒತ್ತಿ ಹಿಡಿದೆ. ಟಕ್ ಟಕ್. ತೆಗೆದೆ. ಭುಗ್! ಹುಚ್ಚು ಹಿಡಿದವಳಂತೆ ಕೂಗಿದೆ. ಗಂಡ ಓಡಿಬಂದ, ಮಾವ ಟವೆಲ್ ಹೆಗಲಿಗೆ ಹಾಕಿಕೊಂಡು ಬಂದರು, ಅತ್ತೆಯೂ ಬಂದರು. ಅವರು ಉರಿಯನ್ನು ನೋಡಲಿಲ್ಲ. ನನ್ನ ಕೈಯಲ್ಲಿದ್ದ ಅರಿವೆಯನ್ನು ನೋಡಿದರು.

"ಅದನ್ಯಾಕ ಬಿಚ್ಚಿದಿ? ಗಾಳಸದ ನೀರ ಮೈಮ್ಯಾಲ ಹಾಕ್ಕೋತಾರೇನ?"

ಗೆದ್ದ ಅಮಲಿನಲ್ಲಿದ್ದೆ ನಾನು. "ಅತ್ತಿ, ಬೆಂಕಿ ದಾಟಿ ಬಂದ ನೀರನ್ನ ಗಾಳಿಸಿದ್ರ ಏನ ಬಂತ್ರಿ? ಒಳಗ ಇದ್ದಿದ್ದೆಲ್ಲಾ ಆಗಲೇ ಬೆಂದ ಹೋಗಿರತೈತಿ. ಅರಬಿ ಕಟ್ಟಿದ್ರೂ ಅಷ್ಟ, ಬಿಟ್ಟರೂ ಅಷ್ಟ."

ಮಾತು ಬಾಯಿ ಬಿಟ್ಟ ಮೇಲೆ ಅದರ ಅರ್ಥ ನನಗೇ ಹೊಳೆಯಿತು. ಬಂಬಕ್ಕೆ ಅತ್ತೆ ನೀರನ್ನು ಮೊದಲೇ ಗಾಳಿಸಿ ಸುರಿಯುತ್ತಿದ್ದರು. ಗೀಜರಿಗೆ ಮಾಳಿಗೆಯ ಮೇಲಿನ ಸಿಮೆಂಟ್ ತೊಟ್ಟಿಯಿಂದ ಬಾವಿಯ ನೀರು ಗಾಳಿಸದೆ ನೇರವಾಗಿ ಹೋಗುತ್ತಿತ್ತು. ಅತ್ತೆಯ ಮುಖ ಬಿಳಚಿಕೊಂಡಿತು. ಅವರು ತುಂಬಿದ ಬಕೀಟನ್ನು ಅಲ್ಲೇ ಬಿಟ್ಟು, ತಣ್ಣೀರು ಗಾಳಿಸಿಕೊಂಡು ಜಳಕ ಮಾಡಿ ಬಸದಿಗೆ ಹೋದರು. ಸತ್ತ ಜೀವಗಳ ಪ್ರಾಯಶ್ಚಿತ್ತಕ್ಕೆ ಆ ದಿನ ಉಪವಾಸ ಹಿಡಿದರು ಅಂತ ನನಗೆ ಸಂಜೆ ಗೊತ್ತಾಯಿತು.

ಸಂಜೆಯೇ ಅತ್ತೆ ನನ್ನ ಗಂಡನಿಗೆ ಹೇಳಿದರು: "ಆ ಮಶೀನ ಬಿಚ್ಚಿಸು. ನಾಳಿಂದ ಬಂಬ."

"ಮತ್ತ ನನ್ನ ಸಾಲಿ?" ಅಂದೆ. ನನಗೆ ತಡೆಯಲಾಗಲಿಲ್ಲ. ಗೀಜರ್ ಕೆಟ್ಟಿದ್ದರೆ ರಿಪೇರಿ ಮಾಡಿಸಬಹುದಿತ್ತು, ಸರಿ ಇರುವುದನ್ನು ಏನಂತ ರಿಪೇರಿ ಮಾಡಿಸುವುದು? "ಕಣ್ಣಿಗೆ ಕಾಣದ ಜೀವಕ್ಕ ಇರೂ ಬೆಲಿ ಈ ಮನ್ಯಾಗ ನನಗ ಇಲ್ಲ," ಅಂದುಬಿಟ್ಟೆ. ಮಾವ ಪೇಪರ್ ಕೆಳಗಿಟ್ಟರು. ಅತ್ತೆ, "ಹಂಗ ಅನಬ್ಯಾಡ," ಅಂದರು, ಬಹಳ ಸಣ್ಣ ದನಿಯಲ್ಲಿ. ನಾನು ಅಳುತ್ತ ಒಳಗೆ ಹೋದೆ. ಹೆಡ್‌ಮಾಸ್ತರರಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಮಾತು ಜೋಡಿಸಿದೆ, ಕೆಡವಿದೆ, ಮತ್ತೆ ಜೋಡಿಸಿದೆ.

ಮರುದಿನ ಇನ್ನೂ ಬೆಳಕು ಸರಿಯಾಗಿ ಹರಿಯುವ ಮೊದಲೇ ಬಂಬಕ್ಕೆ ರವದಿ ತುರುಕಲು ಹೋದೆ. ಬಾವಿಯ ಮೋಟರು ಆಗಲೇ ಗುರ್ ಎನ್ನುತ್ತಿತ್ತು. ಮಾಳಿಗೆಯ ಮೇಲೆ ಯಾರೋ ಇದ್ದ ಸದ್ದು. ಹತ್ತಿ ನೋಡಿದರೆ ಅತ್ತೆ.

ಅವರಿಗೆ ಮಂಡಿನೋವು. ಮೆಣಸಿನಕಾಯಿ ಒಣಹಾಕಲೂ ಅವರು ಆ ಮೆಟ್ಟಿಲು ಹತ್ತುತ್ತಿರಲಿಲ್ಲ. ಈಗ ಸೀರೆ ಎತ್ತಿ ಕಟ್ಟಿ, ತೊಟ್ಟಿಗೆ ನೀರು ಬೀಳುವ ಪೈಪಿನ ಬಾಯಿಗೆ ಹೊಸ ಅರಿವೆಯ ದೊಡ್ಡ ಚೀಲ ಕಟ್ಟಿ, ರಭಸಕ್ಕೆ ಹಾರಿಹೋಗದಂತೆ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಸೆರಗಿನಿಂದ ಹಿಡಿದು ಎಲ್ಲ ಒದ್ದೆ. ತೊಟ್ಟಿಯ ಹಳೆಯ ನೀರನ್ನು ಆಗಲೇ ಗಿಡಗಳಿಗೆ ಬಿಟ್ಟು ಖಾಲಿ ಮಾಡಿದ್ದರು. ಇನ್ನು ತೊಟ್ಟಿಗೆ ಬೀಳುವುದೇ ಗಾಳಿಸಿದ ನೀರು. ಅಲ್ಲಿಂದ ಗೀಜರಿಗೆ ಹೋಗುವುದೂ ಗಾಳಿಸಿದ್ದೇ. ಕೆಳಗಿನ ನಲ್ಲಿಗೆ ಅರಿವೆ ಬೇಕಾಗಿರಲಿಲ್ಲ. ಆದರೆ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಅರಿವೆಯಲ್ಲಿ ಉಳಿದ ಜೀವಗಳನ್ನು ಗಾಳಿಸಿದ ನೀರಿನಿಂದಲೇ ತಂಬಿಗೆಗೆ ತೊಳೆದು, ಅದೇ ಬಾವಿಗೆ ಮೆಲ್ಲಗೆ ಇಳಿಸಬೇಕು. ದಿನಾ. ಮಳೆಯಿರಲಿ, ಚಳಿಯಿರಲಿ.

"ಕೊಡ್ರಿ ಅತ್ತಿ, ನಾ ಮಾಡತೇನಿ," ಅಂದೆ.

"ನೀ ಮಾಡಿದ್ರ ಬಸ್ ತಪ್ಪತೈತಿ. ಕೆಳಗ ಹೋಗಿ ನಳ ಬಿಡು."

ಹೋಗಿ ಬರಿಯ ನಲ್ಲಿ ತಿರುಗಿಸಿದೆ. ಭುಗ್! ಮೇಲಕ್ಕೆ ಮುಖ ಮಾಡಿ, "ಕಾದ್ವರಿ!" ಅಂತ ಕೂಗಿದೆ. ಮೇಲಿಂದ ಮಾತು ಬಂತು: "ಬಂಬದ ಮುಂದ ಕುಂತ ಕುಂತ ನನ್ನ ಕಣ್ಣ ಹೋದ್ವು. ನಿನ್ನೂ ಯಾಕ ಹೋಗಬೇಕ? ನಡಿ ನಡಿ."

ಜಳಕ ಮುಗಿಸಿ, ರೊಟ್ಟಿ ಕಟ್ಟಿಕೊಂಡು, ಕೊರಳಿಗೆ ಬ್ಯಾಗು ಹಾಕಿಕೊಂಡು ಅಂಗಳಕ್ಕೆ ಬಂದೆ. ಅತ್ತೆ ಇಳಿಯುತ್ತಿದ್ದರು. ಮಂಡಿ ಮಡಚಲಾಗದೆ ಒಂದೊಂದು ಮೆಟ್ಟಿಲಿಗೂ ಕೂತು, ಕೂತಲ್ಲಿಂದ ಜಾರಿ, ಮತ್ತೆ ಕೂತು. ಒಂದು ಕೈಯಲ್ಲಿ ತಂಬಿಗೆ, ತುಳುಕದಂತೆ ಎದೆಗೆ ಒತ್ತಿಕೊಂಡಿದ್ದರು. ನನಗೆ ಸಿಟ್ಟು ಬಂತು; ನಿನ್ನೆಯೇ ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು? ಹಿಂದಕ್ಕೆ ಹೋಗಿ ಅವರ ಕೈ ಹಿಡಿದು ಇಳಿಸಬೇಕು ಅಂತ ಒಂದು ಹೆಜ್ಜೆ ಇಟ್ಟೆ. ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿತು.

"ಏನ ನೋಡಾಕತ್ತಿ?" ಅಂತ ಅತ್ತೆ ಮೆಟ್ಟಿಲ ಮೇಲಿಂದಲೇ ಗದರಿದರು. "ಓಡು!"

ನಾನು ಓಡಿದೆ.